ಊರ ಹಳೆಯ ಸ್ಮಶಾನ, ವೀರಗಲ್ಲು, ಗೋರಿಗಳನ್ನು ದಾಖಲಿಸಿ ಕಾಪಾಡುವುದು ಹೇಗೆ

ಸ್ಮಶಾನಕ್ಕೆ ಕಾಂಪೌಂಡ್ ಕಟ್ಟಲು ಅನುದಾನ ಬರುತ್ತದೆ. ಬೆಳಿಗ್ಗೆ ಜೆಸಿಬಿ ಬಂದು ಪೊದೆಯ ಜೊತೆ ಅದರೊಳಗಿದ್ದ ಕಲ್ಲುಗಳನ್ನೂ ಒಂದು ಮೂಲೆಗೆ ತಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಸಮತಟ್ಟಾಗಿರುತ್ತದೆ. ಯಾವ ಕಲ್ಲು ಎಲ್ಲಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು, ಯಾವುದರ ಪಕ್ಕ ಯಾವುದಿತ್ತು ಎಂಬುದನ್ನು ಆಮೇಲೆ ಯಾರೂ ಹೇಳಲಾರರು. ಇಲ್ಲಿ ಯಾರಲ್ಲೂ ಕೆಟ್ಟ ಉದ್ದೇಶ ಇರುವುದಿಲ್ಲ. ಆ ಕಲ್ಲುಗಳು ಏನೆಂದು ಬರೆದಿಟ್ಟ ಒಂದು ಹಾಳೆ ಪಂಚಾಯಿತಿಯಲ್ಲಿ ಇರಲಿಲ್ಲ, ಅಷ್ಟೇ. ಆ ಹಾಳೆಯನ್ನು ಮಾಡುವ ಕ್ರಮವನ್ನೂ, ಆಮೇಲೆ ಕಲ್ಲುಗಳಿಗೆ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನೂ ಇಲ್ಲಿ ಹೇಳಿದೆ.

ಒಂದು ವಿಷಯ ಮೊದಲೇ ಹೇಳಬೇಕು. ಹಳೆಯ ಸ್ಮಶಾನ ಕಂಡ ಕೂಡಲೇ ಶ್ರಮದಾನ ಮಾಡಿ ತೊಳೆದು, ಬಣ್ಣ ಬಳಿದು, ಬಿದ್ದದ್ದನ್ನು ನಿಲ್ಲಿಸೋಣ ಎನಿಸುತ್ತದೆ. ಅದನ್ನು ತಡೆಹಿಡಿಯಿರಿ. ಮೊದಲು ಇದ್ದದ್ದನ್ನು ಇದ್ದ ಹಾಗೇ ದಾಖಲಿಸಬೇಕು. ಸಾವಿರ ವರ್ಷ ಮಳೆ ಬಿಸಿಲು ತಡೆದ ಕಲ್ಲು ಇನ್ನೊಂದು ತಿಂಗಳು ಕಾಯುತ್ತದೆ. ಒಂದು ಭಾನುವಾರದ ಉತ್ಸಾಹವನ್ನು ತಡೆಯುವ ಶಕ್ತಿ ಮಾತ್ರ ಅದಕ್ಕಿಲ್ಲ.

ಏನೇನು ಸಿಗಬಹುದು

ಕರ್ನಾಟಕದ ಹಳ್ಳಿಗಳಲ್ಲಿ ಸತ್ತವರ ನೆನಪಿನ ಕಲ್ಲುಗಳು ಸ್ಮಶಾನದೊಳಗೆ ಮಾತ್ರ ಇರುವುದಿಲ್ಲ. ಕೆರೆ ಏರಿ, ಊರ ಬಾಗಿಲು, ಹೊಲದ ಬದು, ಆಂಜನೇಯನ ಗುಡಿಯ ಹಿಂಭಾಗ, ಹಾಳೂರಿನ ದಿಬ್ಬ, ಎಲ್ಲವನ್ನೂ ನೋಡಿ.

ವೀರಗಲ್ಲು ಸಾಮಾನ್ಯವಾಗಿ ಮೂರು ಅಂತಸ್ತಿನದು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ತುದಿಯಲ್ಲಿ ಸೂರ್ಯ ಚಂದ್ರ. ಒಂದೇ ಅಂತಸ್ತಿನವೂ, ಐದಾರು ಪಟ್ಟಿಕೆಯವೂ ಇವೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಹಿಡಿಯಲು ಬಂದವರೊಂದಿಗೆ ಕಾದಿದವನ ಕಲ್ಲು. ಹುಲಿ, ಹಂದಿಯೊಡನೆ ಕಾದಿ ಸತ್ತವರಿಗೂ ಕಲ್ಲುಗಳಿವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ.

ಗಂಡನ ಚಿತೆಯೇರಿ ಸತ್ತ ಹೆಣ್ಣಿನ ನೆನಪಿನ ಮಾಸ್ತಿಗಲ್ಲಿನ ಗುರುತು ಮೊಣಕೈಯಲ್ಲಿ ಬಾಗಿ ಮೇಲೆತ್ತಿದ, ಬಳೆ ತೊಟ್ಟ ಕೈ. ಕೆಲವು ಕಡೆ ಬೆರಳ ನಡುವೆ ನಿಂಬೆಹಣ್ಣು ಇರುತ್ತದೆ. ಉಪವಾಸ ವ್ರತದಿಂದ ದೇಹ ಬಿಟ್ಟ ಜೈನರ ನಿಸಿದಿಗಲ್ಲಿನಲ್ಲಿ ಮೇಲೆ ಮುಕ್ಕೊಡೆಯ ಕೆಳಗೆ ಜಿನ, ಕೆಳಗೆ ವ್ಯಾಸಪೀಠದ (ಪುಸ್ತಕ ಇಡುವ ಪೀಠದ) ಆಚೀಚೆ ಗುರು ಮತ್ತು ವ್ರತ ಹಿಡಿದವರು ಕಾಣುತ್ತಾರೆ. ಲಿಂಗಾಯತ ಗದ್ದುಗೆಗಳ ಮೇಲೆ ಲಿಂಗ, ನಂದಿ ಇರುತ್ತವೆ. ಖಬರಸ್ಥಾನದ ಗೋರಿಗಳು ನಮ್ಮಲ್ಲಿ ಉತ್ತರ ದಕ್ಷಿಣವಾಗಿ ಇರುತ್ತವೆ, ಏಕೆಂದರೆ ದೇಹದ ಮುಖ ಪಶ್ಚಿಮಕ್ಕೆ, ಮೆಕ್ಕಾದ ಕಡೆಗೆ ತಿರುಗಿರಬೇಕು. ಹಳೆಯ ಕ್ರೈಸ್ತ ಸಮಾಧಿಗಳಲ್ಲಿ ಕಾಲು ಪೂರ್ವಕ್ಕೆ ಇರುವುದು ಹೆಚ್ಚು. ಹೀಗಾಗಿ ಬರಹ ಪೂರ್ತಿ ಅಳಿಸಿದ್ದರೂ ದಿಕ್ಕು ಒಂದು ಸುಳಿವು ಕೊಡುತ್ತದೆ. ಜೆಸಿಬಿ ಮೊದಲು ಅಳಿಸುವುದೂ ಇದೇ ಸುಳಿವನ್ನು.

ದೊಡ್ಡ ಚಪ್ಪಡಿಗಳನ್ನು ಪೆಟ್ಟಿಗೆಯಂತೆ ನಿಲ್ಲಿಸಿದ ರಚನೆಗಳನ್ನು ಊರವರು ಪಾಂಡವರ ಗುಡಿ, ಮೋರ್ಯರ ಮನೆ ಎನ್ನುತ್ತಾರೆ. ಅವು ಬೃಹತ್ ಶಿಲಾಯುಗದ ಸಮಾಧಿಗಳು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲಿನವು ಎಲ್ಲರಿಗೂ ಗೊತ್ತು. ಆದರೆ ಹೊಲದ ನಡುವೆ ಬರೀ ಕಲ್ಲಿನ ವೃತ್ತವಾಗಿ ಉಳಿದವನ್ನು ರೈತರು ಕಲ್ಲುಗುಡ್ಡೆ ಎಂದುಕೊಂಡು ತೆಗೆದುಹಾಕುತ್ತಾರೆ. ಇಂಥಲ್ಲಿ ಒಂದು ಕಲ್ಲನ್ನೂ ಅಲುಗಾಡಿಸಬೇಡಿ, ಒಂದು ಮಡಕೆ ಚೂರನ್ನೂ ಎತ್ತಿಕೊಳ್ಳಬೇಡಿ.

ಹೋಗುವ ಮೊದಲು: ಪಹಣಿ ಮತ್ತು ಅನುಮತಿ

ಜಾಗದ ಸರ್ವೆ ನಂಬರ್ ಪತ್ತೆ ಮಾಡಿ ಪಹಣಿ ತೆಗೆಸಿ. 3ನೇ ಕಾಲಂನಲ್ಲಿ ಖರಾಬು, ಅಂದರೆ ಸಾಗುವಳಿಗೆ ಸೇರದ ಜಾಗ, ಎಷ್ಟು, ಅದು ಎ ಯೋ ಬಿ ಯೋ ನೋಡಿ. ಸಾರ್ವಜನಿಕ ಬಳಕೆಯ ಜಾಗ ಬಿ ಖರಾಬಿನಲ್ಲಿ ಬರುತ್ತದೆ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಬರೆದಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಜೊತೆಗೆ ಗ್ರಾಮನಕಾಶೆಯ ಪ್ರತಿ ಬೇಕು. ಹಳೆಯ ನಕಾಶೆಯಲ್ಲಿ ಸ್ಮಶಾನ ಎಂದಿದ್ದು ಪಹಣಿಯಲ್ಲಿ ಆ ಮಾತೇ ಇಲ್ಲದಿರುವುದು ಅಪರೂಪವಲ್ಲ. ಒತ್ತುವರಿ ಆಗುವುದೂ ಹಾಗೆಯೇ. ಪಕ್ಕದ ಹೊಲದವರು ವರ್ಷಕ್ಕೆ ಒಂದು ಸಾಲು ಒಳಗೆ ಉಳುತ್ತಾರೆ, ಇಪ್ಪತ್ತು ವರ್ಷಕ್ಕೆ ಒಂದು ಸಾಲು ಸಮಾಧಿಗಳೇ ಹೊಲದೊಳಗೆ ಸೇರಿಹೋಗುತ್ತವೆ. ಅನುಮಾನವಿದ್ದರೆ ಪಂಚಾಯಿತಿಯಿಂದಲೇ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿಸಿ. ಸಾಮಾನ್ಯರು ಹಾಕಿದರೆ ಅದು ಜಗಳವಾಗುತ್ತದೆ, ಪಂಚಾಯಿತಿ ಹಾಕಿದರೆ ಕಚೇರಿ ಕೆಲಸವಾಗುತ್ತದೆ.

ಅನುಮತಿ ಬರವಣಿಗೆಯಲ್ಲಿರಲಿ. ಪಂಚಾಯಿತಿ ಜಾಗವಾದರೆ ಪಿಡಿಒ, ಖಬರಸ್ಥಾನವಾದರೆ ಮುತವಲ್ಲಿ ಅಥವಾ ಜಮಾತಿನ ಹಿರಿಯರು, ಕ್ರೈಸ್ತ ಸ್ಮಶಾನವಾದರೆ ಚರ್ಚಿನ ಪಾದ್ರಿ, ಮಠದ ಗದ್ದುಗೆಯಾದರೆ ಮಠದವರು, ಖಾಸಗಿ ಹೊಲವಾದರೆ ಹೊಲದ ಯಜಮಾನರು. ಒಂದೊಂದು ಜಾತಿಗೆ ಒಂದೊಂದು ಸ್ಮಶಾನವಿರುವ ಊರುಗಳಲ್ಲಿ ಎಲ್ಲದಕ್ಕೂ ಹೋಗಿ. ಮೇಲುಕೇರಿಯ ಸ್ಮಶಾನವನ್ನು ಮಾತ್ರ ದಾಖಲಿಸಿ ಊರಿನ ಇತಿಹಾಸ ಬರೆದೆವು ಎನ್ನಲಾಗದು. ಕಲ್ಲೇ ಇಲ್ಲದ, ಬರೀ ಮಣ್ಣಿನ ದಿಬ್ಬಗಳಿರುವ ಜಾಗವೂ ದಾಖಲೆಗೆ ಬರಲಿ.

ಚಪ್ಪಲಿ ಬಿಡುವ ಪದ್ಧತಿ ಇದ್ದರೆ ಬಿಡಿ. ಸಮಾಧಿಯ ಮೇಲೆ ಕಾಲಿಡಬೇಡಿ, ಚೀಲ ಇಡಬೇಡಿ. ಹೊಸ ಸಮಾಧಿಗಳ ಹತ್ತಿರದ ಫೋಟೊ ತೆಗೆಯಬೇಡಿ, ಅವುಗಳ ಜಾಗವನ್ನು ನಕ್ಷೆಯಲ್ಲಿ ತೋರಿಸಿದರೆ ಸಾಕು. ಅಮಾವಾಸ್ಯೆ, ಹಿರಿಯರ ಹಬ್ಬ, ಶಬೆ ಬರಾತ್, ನವೆಂಬರ್ 2ರ ಸತ್ತವರ ಹಬ್ಬದ ದಿನಗಳಲ್ಲಿ ಅಳತೆ ಬೇಡ. ಆದರೆ ಆ ದಿನ ಸುಮ್ಮನೆ ಹೋಗಿ ನಿಂತರೆ ಯಾವ ಸಮಾಧಿಗೆ ಯಾವ ಮನೆತನದವರು ಬರುತ್ತಾರೆ ಎಂಬುದು ತಿಳಿಯುತ್ತದೆ. ಹಾಗೆ ತಿಳಿದದ್ದು ಬೇರೆ ಯಾವ ಕಾಗದದಲ್ಲೂ ಸಿಗುವುದಿಲ್ಲ.

ಏನು ಒಯ್ಯಬೇಕು

30 ಮೀಟರ್ ಟೇಪು ಎರಡು, 5 ಮೀಟರ್ ಟೇಪು ಒಂದು, ದಿಕ್ಸೂಚಿ, ಗ್ರಾಫ್ ಹಾಳೆ ಮತ್ತು ರಟ್ಟು, ಪೆನ್ಸಿಲ್, ನೈಲಾನ್ ದಾರ, ಬಿದಿರು ಗೂಟ ಇಪ್ಪತ್ತು, ಕಪ್ಪು ಬಿಳುಪು ಪಟ್ಟಿಯ 10 ಸೆಂಟಿಮೀಟರ್ ಅಳತೆಗೋಲು, ಸಣ್ಣ ಟಾರ್ಚ್, ಒಂದು ಕನ್ನಡಿ, ಗೋಡೆಗೆ ಬಣ್ಣ ಹೊಡೆಯುವ ಮೆತ್ತನೆಯ ಹೊಸ ಬ್ರಷ್, ಬಿದಿರಿನ ಚಕ್ಕೆ, ನೀರು ಚಿಮುಕಿಸುವ ಬಾಟಲಿ, ಮೊಬೈಲು, ಪವರ್ ಬ್ಯಾಂಕ್. ಇಂಕು ಪೆನ್ನು ಬೇಡ, ಬೆವರು ಬಿದ್ದರೆ ಹರಡುತ್ತದೆ. ಉದ್ದ ಬೂಟು ಮತ್ತು ಕೋಲು ಖಂಡಿತ ಇರಲಿ. ಹಳೆಯ ಗೋರಿಯ ಸಂದು ಹಾವಿಗೆ ತಕ್ಕ ಜಾಗ, ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಕಾರ್ತಿಕದಿಂದ ಮಾಘದವರೆಗೆ ಕೆಲಸಕ್ಕೆ ಒಳ್ಳೆಯ ಕಾಲ: ಹುಲ್ಲು ಒಣಗಿರುತ್ತದೆ, ಬಿಸಿಲು ಓರೆಯಾಗಿ ಬೀಳುತ್ತದೆ.

ಸೀಮೆಸುಣ್ಣ, ಇದ್ದಿಲು, ಮೈದಾ ಹಿಟ್ಟು, ರಂಗೋಲಿ ಪುಡಿ ಒಯ್ಯಲೇಬೇಡಿ. ಅಕ್ಷರ ಎದ್ದು ಕಾಣಲಿ ಎಂದು ಇವನ್ನು ಉಜ್ಜುವ ರೂಢಿ ಇದೆ. ಪುಡಿ ಕಲ್ಲಿನ ರಂಧ್ರದೊಳಗೆ ಕೂರುತ್ತದೆ, ಹಿಟ್ಟಿಗೆ ಬೂಷ್ಟು ಹತ್ತುತ್ತದೆ. ಅದಕ್ಕಿಂತ ಕೆಟ್ಟದ್ದು, ಉಜ್ಜಿದವರಿಗೆ ಯಾವ ಗೆರೆ ಕಂಡಿತೋ ಅದೇ ಅಕ್ಷರವಾಗಿ ಉಳಿದುಬಿಡುತ್ತದೆ. ಮುಂದೆ ಓದುವವರೂ ಆ ತಪ್ಪನ್ನೇ ಓದುತ್ತಾರೆ.

ನಕ್ಷೆ ಮತ್ತು ಸಂಖ್ಯೆ

ಜಾಗದ ಉದ್ದಕ್ಕೆ, ಆದಷ್ಟು ಉತ್ತರ ದಕ್ಷಿಣವಾಗಿ, ಒಂದು ದಾರ ಬಿಗಿದು ಅದರ ಪಕ್ಕ ಟೇಪು ಹಾಸಿ. ಇದೇ ಮೂಲರೇಖೆ. ಪ್ರತಿ ಕಲ್ಲಿಗೂ ಎರಡು ಅಳತೆ: ರೇಖೆಯ ಮೇಲೆ ಎಷ್ಟನೇ ಮೀಟರ್, ಅಲ್ಲಿಂದ ಲಂಬವಾಗಿ ಎಷ್ಟು ದೂರ. ಗ್ರಾಫ್ ಹಾಳೆಯಲ್ಲಿ 1 ಸೆಂಟಿಮೀಟರಿಗೆ 1 ಮೀಟರ್ ಲೆಕ್ಕದಲ್ಲಿ ಗುರುತಿಸಿ. 25 ಮೀಟರ್ ಉದ್ದದ ಜಾಗ ಒಂದು ಎ4 ಹಾಳೆಯಲ್ಲಿ ಕೂರುತ್ತದೆ.

ಆಮೇಲೆ ಮೂಲರೇಖೆಯ ಎರಡು ತುದಿಯನ್ನೂ ಅಲುಗಾಡದ ಎರಡು ಗುರುತುಗಳಿಗೆ ಕಟ್ಟಿಹಾಕಬೇಕು. ಗುಡಿಯ ಮೂಲೆ, ಸರ್ವೆ ಬಾಂದು ಕಲ್ಲು, ಬಂಡೆ ಇವು ಒಳ್ಳೆಯ ಗುರುತುಗಳು. ಬೋರ್‌ವೆಲ್, ಕರೆಂಟ್ ಕಂಬ, ಮರ ಇವನ್ನು ನಂಬಬೇಡಿ. ಎರಡೂ ಗುರುತಿನಿಂದ ತುದಿಗೆ ಟೇಪು ಹಿಡಿದು ಅಳೆಯಿರಿ. ಎರಡು ಟೇಪು ಕೂಡುವ ಕೋನ 30 ಡಿಗ್ರಿಗಿಂತ ಕಡಿಮೆ ಅಥವಾ 150ಕ್ಕಿಂತ ಹೆಚ್ಚು ಇದ್ದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ, ಬೇರೆ ಗುರುತು ಹಿಡಿಯಿರಿ.

ಮೊಬೈಲ್ ಇರುವಾಗ ಟೇಪು ಏಕೆ ಎಂದು ಕೇಳುವವರಿದ್ದಾರೆ. ಬಯಲಿನಲ್ಲಿಯೇ ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಹೇಳುತ್ತದೆ, ಮರದ ಕೆಳಗೆ ಇನ್ನೂ ಹೆಚ್ಚು. ಒಂದು ಮೀಟರ್ ಅಂತರದಲ್ಲಿ ಸಾಲಾಗಿ ನಿಂತ ಮೂರು ವೀರಗಲ್ಲುಗಳಿಗೆ ಅದು ಕೊಡುವ ಜಾಗ ಕಲಸುಮೇಲೋಗರವಾಗುತ್ತದೆ. ಜಿಪಿಎಸ್ ಅಂಕಿಯನ್ನು ಸ್ಮಶಾನಕ್ಕೆ ಒಂದರಂತೆ, ದಶಾಂಶದ ಐದು ಸ್ಥಾನದವರೆಗೆ ಬರೆದುಕೊಳ್ಳಿ. ಕಲ್ಲು ಕಲ್ಲಿನ ಜಾಗಕ್ಕೆ ಟೇಪೇ ಆಧಾರ. ದಿಕ್ಕು ನೋಡುವಾಗ ಕಬ್ಬಿಣದ ಗೇಟು, ಬೈಕಿನಿಂದ ದೂರ ನಿಲ್ಲಿ.

ಸಂಖ್ಯೆ ಸರಳವಾಗಿರಲಿ: ಊರಿನ ಎರಡಕ್ಷರ, ಜಾಗದ ಸಂಖ್ಯೆ, ಕಲ್ಲಿನ ಸಂಖ್ಯೆ. ಮಾವಿನಹಳ್ಳಿ ಎಂಬ ಊರಾದರೆ ಮಾವಿ-02-017. ಕಲ್ಲಿನ ಮೇಲೆ ಬಣ್ಣದಿಂದ ಸಂಖ್ಯೆ ಬರೆಯುವುದು ಖಂಡಿತ ಬೇಡ, ಗೂಟಕ್ಕೆ ಚೀಟಿ ಕಟ್ಟಿ ಪಕ್ಕದಲ್ಲಿ ನೆಡಿ. ಒಂದು ಕಲ್ಲು ಮೂರು ತುಂಡಾಗಿದ್ದರೆ 017ಎ, 017ಬಿ, 017ಸಿ. ಮುಂದೆ ಹೊಸ ಕಲ್ಲು ಸಿಕ್ಕರೆ ಕೊನೆಯ ಸಂಖ್ಯೆ ಕೊಡಿ. ಸಾಲು ಸರಿಹೊಂದಲಿ ಎಂದು ಹಳೆಯ ಸಂಖ್ಯೆಗಳನ್ನು ಬದಲಿಸಿದರೆ ಫೋಟೊ, ಹಾಳೆ, ನಕ್ಷೆ ಮೂರೂ ಒಂದಕ್ಕೊಂದು ಹೊಂದದೆ ಹೋಗುತ್ತವೆ.

ಪ್ರತಿ ಕಲ್ಲಿನ ಹಾಳೆಯಲ್ಲಿ ಇರಬೇಕಾದ್ದು: ಸಂಖ್ಯೆ, ದಿನಾಂಕ, ಬರೆದವರ ಹೆಸರು, ನೆಲದ ಮೇಲಿನ ಎತ್ತರ, ಅಗಲ, ದಪ್ಪ, ಕಲ್ಲಿನ ಜಾತಿ (ಕಣಶಿಲೆ, ಬಳಪದ ಕಲ್ಲು, ಮುರಕಲ್ಲು, ಮರಳುಗಲ್ಲು, ಕರಿಕಲ್ಲು), ಮುಖ ಯಾವ ದಿಕ್ಕಿಗೆ, ನಿಂತಿದೆಯೋ, ವಾಲಿದೆಯೋ, ಬಿದ್ದಿದೆಯೋ, ಕೆತ್ತನೆಯಲ್ಲಿ ಕೆಳಗಿನಿಂದ ಮೇಲಕ್ಕೆ ಏನೇನಿದೆ, ಬರಹ ಇದೆಯೇ, ಎಷ್ಟು ಸಾಲು, ಬಿರುಕು, ಚಕ್ಕೆ, ಬಣ್ಣ, ಸಿಮೆಂಟ್, ಎಣ್ಣೆ, ಪೂಜೆ ನಡೆಯುತ್ತದೆಯೇ, ಊರವರು ಏನೆನ್ನುತ್ತಾರೆ. ತಿಳಿಯದಿದ್ದರೆ "ತಿಳಿಯದು" ಎಂದು ಬರೆಯಿರಿ. ಖಾಲಿ ಬಿಟ್ಟರೆ ನೋಡಲಿಲ್ಲವೋ, ನೋಡಿಯೂ ತಿಳಿಯಲಿಲ್ಲವೋ ಗೊತ್ತಾಗುವುದಿಲ್ಲ.

ಫೋಟೊ

ದಾಖಲೆಯ ಅರ್ಧ ಬೆಲೆ ಇರುವುದು ಇಲ್ಲಿ. ಪ್ರತಿ ಕಲ್ಲಿಗೆ ಕನಿಷ್ಠ ಆರು ಚಿತ್ರ: ಸುತ್ತಲಿನ ಜಾಗ ಕಾಣುವಂತೆ ದೂರದಿಂದ ಒಂದು, ಮುಂದೆ, ಹಿಂದೆ, ಎರಡು ಪಕ್ಕ, ಬುಡ. ಹಿಂಬದಿಯನ್ನು ಬಿಡುವವರೇ ಹೆಚ್ಚು, ಆದರೆ ಬರಹ ಕೆಲವೊಮ್ಮೆ ಅಲ್ಲೇ ಮುಂದುವರಿದಿರುತ್ತದೆ. ಮೊದಲ ಚಿತ್ರದಲ್ಲಿ ಸಂಖ್ಯೆಯ ಚೀಟಿ ಮತ್ತು ಅಳತೆಗೋಲು ಇರಲಿ. ಕ್ಯಾಮೆರಾ ಕಲ್ಲಿನ ನಡುಮಟ್ಟದಲ್ಲಿ, ಕಲ್ಲಿಗೆ ನೇರವಾಗಿ ಇರಬೇಕು. ನಿಂತಲ್ಲಿಂದಲೇ ಬಗ್ಗಿಸಿ ತೆಗೆದರೆ ಮೇಲ್ಭಾಗ ದೊಡ್ಡದಾಗಿ, ಬುಡ ಚಿಕ್ಕದಾಗಿ ಬರುತ್ತದೆ. ಮೊಬೈಲಿನ ಅಗಲ ಲೆನ್ಸ್ ಬಳಸಬೇಡಿ, ಅಂಚು ಬಾಗುತ್ತದೆ.

ನಟ್ಟನಡು ಮಧ್ಯಾಹ್ನದ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೇಕಾದ್ದು ಓರೆ ಬೆಳಕು. ಬೆಳಿಗ್ಗೆ ಸೂರ್ಯ ಹುಟ್ಟಿದ ಒಂದು ಗಂಟೆಯೊಳಗೆ, ಸಂಜೆ ಮುಳುಗುವ ಒಂದು ಗಂಟೆ ಮೊದಲು, ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಹೋಗುವಾಗ ಪ್ರತಿ ಗೆರೆಗೂ ನೆರಳು ಬೀಳುತ್ತದೆ. ಕಲ್ಲು ಮರದ ನೆರಳಿನಲ್ಲಿದ್ದರೆ ಬಿಸಿಲಲ್ಲಿ ನಿಂತವರೊಬ್ಬರು ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಲಿ. ಕತ್ತಲಾದ ಮೇಲೆ ಟಾರ್ಚ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಮೊಬೈಲನ್ನು ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ನಿಲ್ಲಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಟಾರ್ಚನ್ನು ಕಲ್ಲಿನ ಮುಖಕ್ಕೆ 10ರಿಂದ 15 ಡಿಗ್ರಿ ಓರೆಯಲ್ಲಿ ಒಂದು ಮೀಟರ್ ದೂರ ಹಿಡಿಯಿರಿ. ತೀರಾ ಹತ್ತಿರ ಹಿಡಿದರೆ ಒಂದು ಬದಿ ಬೆಳ್ಳಗೆ ಸುಟ್ಟು ಇನ್ನೊಂದು ಬದಿ ಕತ್ತಲಾಗುತ್ತದೆ. ಎಡ, ಬಲ, ಮೇಲೆ, ಕೆಳಗೆ, ನಾಲ್ಕು ಮೂಲೆ, ಹೀಗೆ ಎಂಟು ದಿಕ್ಕಿನಿಂದ ಎಂಟು ಚಿತ್ರ ತೆಗೆಯಿರಿ. ಎಡದಿಂದ ಬೆಳಕು ಬಿದ್ದಾಗ ಕಾಣದ ಅಡ್ಡಗೆರೆ ಮೇಲಿನಿಂದ ಬಿದ್ದಾಗ ಕಾಣುತ್ತದೆ. ಹಳಗನ್ನಡದಲ್ಲಿ ಪ ಮತ್ತು ವ ನಡುವಿನ ವ್ಯತ್ಯಾಸ ಎಷ್ಟೋ ಸಲ ಅಂಥ ಒಂದು ಗೆರೆಯ ಮೇಲೆ ನಿಂತಿರುತ್ತದೆ.

ಮೂರು ಆಯಾಮದ ಮಾದರಿ ಮಾಡುವುದು ಈಗ ಕಷ್ಟವಲ್ಲ. ಮೋಡ ಕವಿದ ದಿನ ಆರಿಸಿ, ಕಲ್ಲಿನ ಸುತ್ತ ಮೊಣಕಾಲು ಮಟ್ಟ, ಎದೆ ಮಟ್ಟ, ತಲೆಯ ಮೇಲಿನ ಮಟ್ಟ, ಹೀಗೆ ಮೂರು ಸುತ್ತು ಹಾಕಿ. ಸುತ್ತಿಗೆ ಸುಮಾರು 24 ಚಿತ್ರ. ಒಂದರಲ್ಲಿ ಕಂಡದ್ದರ ಮುಕ್ಕಾಲು ಭಾಗ ಮುಂದಿನದರಲ್ಲೂ ಕಾಣಬೇಕು. ಬೆಳಕಿನ ಪ್ರಮಾಣವನ್ನು ಮೊಬೈಲಿನಲ್ಲಿ ಲಾಕ್ ಮಾಡಿ. ಅಳತೆಗೋಲು ಕಲ್ಲಿನ ಪಕ್ಕ ಇಟ್ಟಲ್ಲೇ ಇರಲಿ, ನಡುವೆ ತೆಗೆಯಬೇಡಿ. ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶದಲ್ಲಿ ಇವನ್ನು ಜೋಡಿಸಬಹುದು. ಮಾದರಿ ಸಿದ್ಧವಾಗದಿದ್ದರೂ ಚಿಂತೆಯಿಲ್ಲ, ಚಿತ್ರಗಳಿದ್ದರೆ ಹತ್ತು ವರ್ಷದ ನಂತರವೂ ಯಾರಾದರೂ ಮಾಡುತ್ತಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಸ್ಕ್ಯಾನ್ ಮಾಡಿ ಮೂರು ಆಯಾಮದಲ್ಲಿ ಉಳಿಸುತ್ತಿದೆ. ಕಲ್ಲು ನಾಳೆ ಒಡೆದರೂ ಓದುವ ದಾರಿ ಉಳಿದಿರಬೇಕು ಎಂಬುದೇ ಅದರ ಹಿಂದಿನ ಯೋಚನೆ.

ಕಾಗದ ಒದ್ದೆ ಮಾಡಿ ಹೊಡೆದು ಮಸಿ ಹಾಕಿ ತೆಗೆಯುವ ಪಡಿಯಚ್ಚು ಅದ್ಭುತ ವಿಧಾನ. ಆದರೆ ಕಲಿಯದವರು ಮಾಡಿದರೆ ಮಸಿ ಕಲ್ಲಿಗಿಳಿಯುತ್ತದೆ, ಸಡಿಲ ಪದರ ಕಾಗದದ ಜೊತೆ ಎದ್ದುಬರುತ್ತದೆ. ಅದನ್ನು ಶಾಸನತಜ್ಞರಿಗೆ ಬಿಡಿ.

ಬರಹ ಮತ್ತು ಕಾಲ

ಶಾಸನವನ್ನು ಸಾಲಿಗೆ ಸಾಲು ನಕಲು ಮಾಡಿ. ಕಲ್ಲಿನಲ್ಲಿ ಪದ ನಡುವೆ ಮುರಿದು ಮುಂದಿನ ಸಾಲಿಗೆ ಹೋಗಿದ್ದರೆ ನಿಮ್ಮಲ್ಲೂ ಹಾಗೇ ಇರಲಿ. ಅಸ್ಪಷ್ಟ ಅಕ್ಷರವನ್ನು ಚೌಕ ಕಂಸದಲ್ಲಿ ಹಾಕಿ, ಹೋದ ಅಕ್ಷರಕ್ಕೆ ಒಂದೊಂದು ಚುಕ್ಕೆ ಇಡಿ. ಕಾಗುಣಿತ ತಿದ್ದಬೇಡಿ. ಱ, ೞ ಇದ್ದರೆ ಅವನ್ನೇ ಬರೆಯಿರಿ, ಅವು ಕಾಲ ಹೇಳುವ ಅಕ್ಷರಗಳು. ತುರುಗೊಳ್, ಊರಳಿವು, ಕಾದಿ ಸತ್ತ ಎಂಬ ಮಾತುಗಳು ವೀರಗಲ್ಲಿನವು. ಸಮಾಧಿವಿಧಿಯಿಂ ಮುಡಿಪಿ ಎಂದಿದ್ದರೆ ನಿಸಿದಿ.

ಓದಲು ಆಗದಿದ್ದರೆ ಮೊದಲು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕನ್ನು ಹುಡುಕಿ. ಬಿ. ಎಲ್. ರೈಸ್ 1886ರಿಂದ ಪ್ರಕಟಿಸಿದ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳ ಪಾಠ ತಾಲ್ಲೂಕುವಾರು ಇದೆ. ಅಲ್ಲಿ ಪ್ರಕಟವಾದ ಕಲ್ಲು ಈಗ ಜಾಗದಲ್ಲಿ ಇಲ್ಲ ಎಂದಾದರೆ ಅದೂ ದಾಖಲೆಯೇ, ಹಾಳೆಯಲ್ಲಿ ಬರೆಯಿರಿ.

ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಆದರೆ ಇದೊಂದನ್ನೇ ನಂಬಬೇಡಿ, ಸಂವತ್ಸರದ ಹೆಸರಿನೊಡನೆ ತಾಳೆ ನೋಡಿ. ಆತಕೂರಿನ ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಕೂಡಿಸಿದರೆ 950. ಈಗ ಸಂವತ್ಸರ ಹಿಡಿಯೋಣ. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ ಬಿದ್ದದ್ದು 1987ರ ಯುಗಾದಿಗೆ, ಸೌಮ್ಯ 43ನೆಯದು, ಅಂದರೆ 2029. ಅದರಿಂದ 60ರಂತೆ 18 ಸುತ್ತು, ಅಂದರೆ 1080 ವರ್ಷ ಹಿಂದೆ ಹೋದರೆ 949 ಬರುತ್ತದೆ. ನಡೆಯುತ್ತಿರುವ ವರ್ಷವನ್ನು ಎಣಿಸಿದರೋ, ಕಳೆದ ವರ್ಷವನ್ನೋ ಎಂಬುದರಿಂದ ಈ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ವಿದ್ವಾಂಸರು 949-50 ಎಂದು ಬರೆಯುವುದು ಈ ಕಾರಣಕ್ಕೆ. ನೀವೂ ಕಲ್ಲಿನಲ್ಲಿದ್ದದ್ದನ್ನು ಮೊದಲು, ನಿಮ್ಮ ಲೆಕ್ಕವನ್ನು ಪ್ರತ್ಯೇಕವಾಗಿ ಬರೆಯಿರಿ.

ಗೋರಿಯ ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿ. 1213 ಎಂದಿದ್ದರೆ 1798.6, ಅಂದರೆ 1798-99. ಟಿಪ್ಪು ತೀರಿಕೊಂಡದ್ದು ಅದೇ ಹಿಜರಿ ವರ್ಷದಲ್ಲಿ. ಪರ್ಷಿಯನ್, ಅರೇಬಿಕ್ ಬರಹವನ್ನು ಓದಲು ಬಾರದಿದ್ದರೆ ಊಹಿಸದೆ ಸ್ಪಷ್ಟ ಚಿತ್ರ ತೆಗೆದು ಮಸೀದಿಯ ಮೌಲ್ವಿಗಳನ್ನೋ, ವಿಶ್ವವಿದ್ಯಾಲಯದವರನ್ನೋ ಕೇಳಿ. ಕ್ರೈಸ್ತ ಸಮಾಧಿಗಳ ಹೆಸರನ್ನು ಚರ್ಚಿನ ಮರಣ ದಾಖಲೆ ಪುಸ್ತಕದೊಂದಿಗೆ ಹೋಲಿಸಿ. ಕಲ್ಲಿಲ್ಲದ ಸಮಾಧಿಗಳ ಹೆಸರೂ ಅಲ್ಲಿ ಸಿಗುತ್ತದೆ.

ಊರವರ ಮಾತು

"ಇದು ಯಾವ ರಾಜನ ಕಾಲದ್ದು?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "ಅಜ್ಜಾ, ಈ ಕಲ್ಲಿಗೆ ಏನಂತಾ ಕರೀತೀರಿ? ಯಾರ ಮನೆಯವರು ಎಡೆ ಇಡ್ತಾರೆ? ಮೊದಲು ಇಲ್ಲೇ ಇತ್ತಾ?" ಎಂದು ಕೇಳಿ. ವೀರಗಲ್ಲು ಈರಗಾರ ದೇವರಾಗಿ, ಮಾಸ್ತಿಗಲ್ಲು ಮಾಸ್ತಮ್ಮನಾಗಿ ಪೂಜೆಗೊಳ್ಳುತ್ತಿರುವುದು ಆಗ ತಿಳಿಯುತ್ತದೆ. "ಅದು ದೇವರಲ್ಲ, ಸತ್ತವನ ಕಲ್ಲು" ಎಂದು ತಿದ್ದಲು ಹೋಗಬೇಡಿ. ಆ ಪೂಜೆಯೇ ಕಲ್ಲನ್ನು ಇಲ್ಲಿಯವರೆಗೆ ಉಳಿಸಿದೆ. ಹೇಳಿದವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಹೇಳಿದ ದಿನಾಂಕ ಬರೆಯಿರಿ. ಹೆಸರು ಹಾಕಬೇಡಿ ಎಂದರೆ ಹಾಕಬೇಡಿ.

ತೊಳೆಯುವುದು

ಓದಲು, ಚಿತ್ರ ತೆಗೆಯಲು ಅಗತ್ಯವಿಲ್ಲದಿದ್ದರೆ ತೊಳೆಯಲೇ ಬೇಡಿ. ಅಗತ್ಯವಿದ್ದರೆ ಬರೀ ನೀರು, ಮೆತ್ತನೆಯ ಬ್ರಷ್. ಮೊದಲು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ ಕೇಳಿ: ಟೊಳ್ಳು ಸದ್ದು ಬಂದರೆ ಮೇಲಿನ ಪದರ ಒಳಗಿನಿಂದ ಬಿಟ್ಟುಕೊಂಡಿದೆ, ಆ ಕಲ್ಲನ್ನು ಮುಟ್ಟಬೇಡಿ. ಗಟ್ಟಿಯಿದ್ದರೆ ಕೆಳಗಿನಿಂದ ಮೇಲಕ್ಕೆ ನೀರು ಚಿಮುಕಿಸುತ್ತಾ ಹೋಗಿ, ಮೇಲಿನಿಂದ ಸುರಿದರೆ ಕೊಳೆ ಕೆಳಗಿನ ಒಣ ಭಾಗಕ್ಕೆ ಇಳಿದು ಪಟ್ಟೆಯಾಗುತ್ತದೆ. ಮಣ್ಣು ನೆನೆದ ಮೇಲೆ ಬಿದಿರ ಚಕ್ಕೆಯಿಂದ ಎಬ್ಬಿಸಿ. ಕಲ್ಲುಹೂವು ಒಣಗಿದ್ದಾಗ ಕೆರೆದರೆ ಕಲ್ಲಿನ ಕಣಗಳನ್ನೇ ಕಿತ್ತುಕೊಂಡು ಬರುತ್ತದೆ. ಅಕ್ಷರ ಮುಚ್ಚಿದ್ದರೆ ಮಾತ್ರ ಚೆನ್ನಾಗಿ ನೆನೆಸಿ ತೆಗೆಯಿರಿ, ಇಲ್ಲದಿದ್ದರೆ ಇರಲಿ.

ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪುಡಿ, ಸಾಬೂನು, ಕಾರು ತೊಳೆಯುವ ಒತ್ತಡದ ಪಂಪು ಯಾವುದೂ ಬೇಡ. ಬಳಪದ ಕಲ್ಲು ಉಗುರಿಗೇ ಗೀರು ಬೀಳುವಷ್ಟು ಮೆತ್ತಗಿರುತ್ತದೆ, ತಂತಿ ಬ್ರಷ್ ಹತ್ತು ನಿಮಿಷದಲ್ಲಿ ಅದರ ಕಣ್ಣು ಮೂಗು ತೆಗೆದುಬಿಡುತ್ತದೆ. ಗೋರಿಗಳ ಅಮೃತಶಿಲೆಯ ಫಲಕ ಆಸಿಡ್ ಬಿದ್ದ ಕೂಡಲೇ ನೊರೆಯೆದ್ದು ಕರಗುತ್ತದೆ. ಆಯಿಲ್ ಪೇಂಟ್ ಬಳಿದರೆ ಕೆತ್ತನೆಯ ಗೆರೆ ತುಂಬಿಹೋಗುತ್ತದೆ, ಒಳಗಿನ ತೇವ ಹೊರಬರಲಾಗದೆ ಪದರವೇ ಸಿಡಿಯುತ್ತದೆ. ಈಗಾಗಲೇ ಬಳಿದಿದ್ದರೆ ನೀವು ತೆಗೆಯಲು ಹೋಗಬೇಡಿ, ಅದು ಸಂರಕ್ಷಣಾ ತಜ್ಞರ ಕೆಲಸ. ಪೂಜೆಯ ಎಣ್ಣೆ, ಅರಿಶಿನ ಕುಂಕುಮದ ವಿಷಯದಲ್ಲಿ ಪೂಜೆ ಮಾಡುವವರೊಡನೆ ಮಾತಾಡಿ. ದೀಪ, ಎಣ್ಣೆಯನ್ನು ಮುಂದೆ ಇಟ್ಟ ಒಂದು ಚಿಕ್ಕ ಕಲ್ಲಿಗೆ ಬದಲಿಸಲು ಹೆಚ್ಚಿನ ಕಡೆ ಒಪ್ಪುತ್ತಾರೆ.

ವಾಲಿದ, ಬಿದ್ದ, ಒಡೆದ ಕಲ್ಲು

ಸ್ವಲ್ಪ ವಾಲಿದ ಕಲ್ಲನ್ನು ಹಾಗೇ ಬಿಟ್ಟು ವರ್ಷಕ್ಕೊಮ್ಮೆ ಓರೆ ಅಳೆಯಿರಿ. ಹೆಚ್ಚುತ್ತಿಲ್ಲ ಎಂದರೆ ಕೆಲಸವೇ ಬೇಡ. ಬಿದ್ದ ಕಲ್ಲನ್ನು ಎತ್ತುವ ಮುನ್ನ ತೂಕ ಲೆಕ್ಕ ಹಾಕಿ. ಕಣಶಿಲೆ ಒಂದು ಘನ ಮೀಟರಿಗೆ ಸುಮಾರು 2,700 ಕಿಲೊ. ಒಂದೂವರೆ ಮೀಟರ್ ಎತ್ತರ, ಮುಕ್ಕಾಲು ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಸಾಧಾರಣ ವೀರಗಲ್ಲು 600 ಕಿಲೊ ತೂಗುತ್ತದೆ. ನಾಲ್ಕು ಜನ ಸೇರಿ ಎಬ್ಬಿಸಿ ಕೈಬಿಟ್ಟರೆ ಕಲ್ಲೂ ಹೋಯಿತು, ಕಾಲೂ ಹೋಯಿತು. ಜೆಸಿಬಿಗೆ ಸರಪಳಿ ಕಟ್ಟಿ ಎಳೆದರೆ ಅಂಚು ಕೀಳುತ್ತದೆ, ಕಾಣದ ಬಿರುಕಿನಲ್ಲಿ ಎರಡಾಗುತ್ತದೆ. ಬೇಕಾದ್ದು ಮೂರುಗಾಲು, ಚೈನ್ ಪುಲ್ಲಿ, ಅಗಲವಾದ ಬಟ್ಟೆ ಬೆಲ್ಟು, ಗೋಣಿಚೀಲದ ಮೆತ್ತೆ, ಮತ್ತು ಈ ಕೆಲಸ ಮಾಡಿ ಗೊತ್ತಿರುವವರು. ಪುರಾತತ್ವ ಇಲಾಖೆಗೆ ತಿಳಿಸದೆ ಇದಕ್ಕೆ ಕೈಹಾಕಬಾರದು, ಏಕೆಂದರೆ ಗುಂಡಿ ತೋಡಿದ ಕ್ಷಣದಿಂದ ಅದು ಉತ್ಖನನ.

ಒಪ್ಪಿಗೆ ಸಿಕ್ಕು ನಿಲ್ಲಿಸುವಾಗ ಒಟ್ಟು ಉದ್ದದ ಮೂರನೇ ಒಂದು ಭಾಗ ನೆಲದೊಳಗೆ ಇರಲಿ, ಬರಹದ ಒಂದು ಸಾಲೂ ಹೂತುಹೋಗದಿರಲಿ. ಗುಂಡಿಗೆ ಜಲ್ಲಿ ಮತ್ತು ಮಣ್ಣನ್ನು 15 ಸೆಂಟಿಮೀಟರಿನ ಪದರ ಪದರವಾಗಿ ಹಾಕಿ ದಿಮ್ಮಿಸಿ. ಸಿಮೆಂಟ್ ಕಾಂಕ್ರೀಟಿನಲ್ಲಿ ಹೂಳಿದರೆ ಬುಡದಲ್ಲಿ ನೀರು ನಿಂತು, ಸಿಮೆಂಟಿನ ಲವಣ ಕಲ್ಲಿಗೇರಿ, ಒಣಗಿದಾಗ ಹರಳುಗಟ್ಟಿ ಮೇಲ್ಮೈಯನ್ನು ಒಡೆಯುತ್ತದೆ. ಮುಂದೆ ಪೆಟ್ಟು ಬಿದ್ದರೆ ಕಲ್ಲು ಅಲುಗದೆ ಕಾಂಕ್ರೀಟಿನ ಮಟ್ಟದಲ್ಲೇ ಮುರಿಯುತ್ತದೆ. ಇಟ್ಟಿಗೆ ಗೋರಿಗಳ ಸಂದು ಬಿಟ್ಟಿದ್ದರೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಹಾಕಿ, ಒದ್ದೆ ಗೋಣಿ ಹೊದಿಸಿ ಕನಿಷ್ಠ ಒಂದು ವಾರ ತೇವವಾಗಿಡಿ. ಸುಣ್ಣದ ಗಾರೆ ಬೇಗ ಒಣಗಿದರೆ ಪುಡಿಯಾಗುತ್ತದೆ.

ಒಡೆದ ತುಂಡುಗಳನ್ನು ಅಂಟಿಸಬೇಡಿ. ಎಲ್ಲವನ್ನೂ ಸಂಖ್ಯೆ ಹಾಕಿ ಒಂದೇ ಕಡೆ, ಮುಖ ಮೇಲಾಗಿ, ಕಲ್ಲಿನ ಹಾಸಿನ ಮೇಲಿಡಿ.

ಗಿಡ, ನೀರು, ಬೇಲಿ

ಗೋರಿಯ ಸಂದಿನಲ್ಲಿ ಹುಟ್ಟಿದ ಅರಳಿ, ಆಲ, ಅತ್ತಿಯ ಸಸಿಯನ್ನು ಬೆರಳುದ್ದ ಇರುವಾಗಲೇ ಕೀಳಿ. ಬೇರು ದಪ್ಪವಾದ ಮೇಲೆ ಎಳೆದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ, ಆಗ ಬುಡಕ್ಕೆ ಕತ್ತರಿಸುತ್ತಾ ಚಿಗುರನ್ನು ಮತ್ತೆ ಮತ್ತೆ ತೆಗೆಯಬೇಕು. ಲಂಟಾನ ಪೊದೆಯನ್ನು ನೆಲಮಟ್ಟಕ್ಕೆ ಕಡಿಯಿರಿ. ಬೆಂಕಿ ಹಚ್ಚಲೇಬಾರದು: ಕಾದ ಕಣಶಿಲೆ ಚಕ್ಕೆ ಚಕ್ಕೆಯಾಗಿ ಎದ್ದು, ಕೆತ್ತನೆಯೇ ಹೋಗುತ್ತದೆ. ಕಲ್ಲಿನ ಸುತ್ತ ಒಂದಡಿಯ ಹುಲ್ಲನ್ನು ಕುಡುಗೋಲಿನಿಂದಲೇ ಕೊಯ್ಯಿರಿ. ಯಂತ್ರದ ನೈಲಾನ್ ದಾರ ಮೆತ್ತನೆಯ ಕಲ್ಲಿನ ಬುಡವನ್ನು ಕೊರೆಯುತ್ತದೆ. ಕಳೆನಾಶಕ ಕಲ್ಲಿನ ಹತ್ತಿರ ಬೇಡ. ದೊಡ್ಡ ಹಳೆಯ ಮರಗಳನ್ನು ಕಡಿಯಬೇಡಿ, ಅವೂ ಸ್ಮಶಾನದ ಭಾಗ.

ಮಳೆ ನೀರು ಬುಡದಲ್ಲಿ ನಿಲ್ಲುತ್ತಿದ್ದರೆ ಸಮಾಧಿಗಳ ಸಾಲಿನ ಹೊರಗೆ, ಇಳಿಜಾರಿನ ಮೇಲ್ಬದಿಯಲ್ಲಿ, ಗೇಣುದ್ದ ಆಳದ ಕಾಲುವೆ ಸಾಕು. ಬೇಲಿ ಹಾಕುವುದಾದರೆ ಕಂಬದ ಗುಂಡಿಯ ಜಾಗವನ್ನು ನಕ್ಷೆ ನೋಡಿ ಆರಿಸಿ. ನೋಡದೆ ತೋಡಿದ ಗುಂಡಿ ಸಮಾಧಿಯ ಮೇಲೇ ಬರುತ್ತದೆ.

ಕಾಗದ ಯಾರಿಗೆ, ಕಾನೂನು ಏನು

ದಾಖಲೆ ಮುಗಿದ ಮೇಲೆ ನಕ್ಷೆ, ಹಾಳೆಗಳ ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಗ್ರಾಮಸಭೆಯಲ್ಲಿ ಓದಿಸಿ. ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಸ್ಮಾರಕ ಕಲ್ಲುಗಳಿವೆ, ಯಾವ ಕಾಮಗಾರಿಗೂ ಮುನ್ನ ಇವನ್ನು ಗಮನಿಸಬೇಕು ಎಂದು ಠರಾವು ಮಾಡಿಸಿ. ಕಾಂಟ್ರಾಕ್ಟರ್ ಕೈಗೆ ಹೋಗುವ ಅಂದಾಜುಪಟ್ಟಿಗೆ ನಕ್ಷೆಯನ್ನು ಲಗತ್ತಿಸಲು ಕೇಳಿ, ಜೆಸಿಬಿ ಓಡಿಸುವವರಿಗೆ ಸ್ಥಳದಲ್ಲಿ ತೋರಿಸಿ. ಇನ್ನೊಂದು ಪ್ರತಿ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ. ಶಾಸನಗಳಿದ್ದರೆ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೂ ಕಳಿಸಿ.

ಸಂರಕ್ಷಿತ ಸ್ಮಾರಕಗಳಿಗೆ ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಅನ್ವಯಿಸುತ್ತವೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ನಿಮ್ಮ ಊರಿನ ಕಲ್ಲು ಯಾವ ಪಟ್ಟಿಯಲ್ಲೂ ಇಲ್ಲದಿರಬಹುದು. ಆದರೂ ನೂರು ವರ್ಷ ದಾಟಿದ ಶಿಲ್ಪ, ಶಾಸನ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದನ್ನು ದೇಶದಾಚೆ ಸಾಗಿಸುವುದು ಅಪರಾಧ. ಹೂಳುವ ಸ್ಥಳಕ್ಕೆ ಅತಿಕ್ರಮಿಸಿ ಜನರ ಭಾವನೆಗೆ ನೋವುಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಡಿ ಅಪರಾಧ. ನಿಧಿ ಆಸೆಗೆ ವೀರಗಲ್ಲಿನ ಬುಡ ಅಗೆದದ್ದು ಕಂಡರೆ ಗುಂಡಿ ಮುಚ್ಚಬೇಡಿ. ಹಾಗೇ ಚಿತ್ರ ತೆಗೆದು, ಪೊಲೀಸರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆಗ ನಿಮ್ಮ ಹಳೆಯ ಚಿತ್ರ, ಅಳತೆಗಳೇ ಸಾಕ್ಷಿ.

ಕಲ್ಲನ್ನು ಗುಡಿಯ ಆವರಣಕ್ಕೆ ಸಾಗಿಸುವ ಸಲಹೆ ಎಲ್ಲ ಊರಿನಲ್ಲೂ ಬರುತ್ತದೆ. ಜಾಗ ಬಿಟ್ಟ ಕಲ್ಲು ತನ್ನ ಅರ್ಧ ಮಾತನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ಇದ್ದಲ್ಲೇ ಉಳಿಸಲು ಕೊನೆಯವರೆಗೂ ಪ್ರಯತ್ನಿಸಿ. ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ಶಾಸನ, ಸುಮಾರು ಕ್ರಿ.ಶ. 750ರದು, ರಸ್ತೆ ಬದಿಯ ಅಗೆತದಲ್ಲಿ 2018ರಲ್ಲಿ ಹೊರಬಂದಾಗ ಊರಿನವರೇ ಕಾಳಜಿ ವಹಿಸಿ ಅದನ್ನು ಹೆಬ್ಬಾಳದಲ್ಲೇ ಉಳಿಸಿಕೊಂಡರು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನು, ಅಲ್ಲಿ ಮಲಗಿರುವ ಡಿ ಮ್ಯೂರಾನ್ ಎಂಬ ಸ್ವಿಸ್ ಸೈನಿಕ ದಳದವರ ವಂಶಸ್ಥರು ಮುಂದೆ ಬಂದು ಜೀರ್ಣೋದ್ಧಾರ ಮಾಡಿಸಿದರು. ರಸ್ತೆಯೋ ಕೆರೆಯೋ ಬಂದು ಸಾಗಿಸಲೇಬೇಕಾದರೆ ಇಲಾಖೆಯವರ ಎದುರಿನಲ್ಲಿ, ಮೂಲ ಜಾಗದ ಅಳತೆ ಪೂರ್ತಿ ಆದ ಮೇಲೆ, ಅದೇ ಊರಿನೊಳಗೆ, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಮೊದಲು ಎಲ್ಲಿತ್ತು ಎಂದು ಫಲಕದಲ್ಲಿ ಬರೆಸಿ.

ಅಂತರ್ಜಾಲದಲ್ಲಿ ಹಾಕುವಾಗ ಕಾವಲಿಲ್ಲದ ಜಾಗದ ಒಳ್ಳೆಯ ಕೆತ್ತನೆಯ ಕಲ್ಲಿನ ನಿಖರ ಜಿಪಿಎಸ್ ಕೊಡಬೇಡಿ, ಊರಿನ ಹೆಸರು ಸಾಕು. ಮೊಬೈಲ್ ಚಿತ್ರದೊಳಗೇ ಜಾಗದ ಅಂಕಿ ಅಡಗಿರುತ್ತದೆ, ಹಾಕುವ ಮುನ್ನ ಅದನ್ನು ಅಳಿಸಿ. ಪೂರ್ತಿ ದಾಖಲೆಯನ್ನು ಮೂರು ಕಡೆ ಇಡಿ: ಒಂದು ಪಂಚಾಯಿತಿಯಲ್ಲಿ ಮುದ್ರಿತ ಪ್ರತಿ, ಒಂದು ಊರ ಶಾಲೆಯಲ್ಲೋ ಗ್ರಂಥಾಲಯದಲ್ಲೋ, ಒಂದು ಊರಾಚೆ ಹಾರ್ಡ್ ಡಿಸ್ಕಿನಲ್ಲಿ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಹಳೆಯ ಚಿತ್ರಗಳನ್ನು ಹಿಡಿದುಕೊಂಡು ಹೋಗಿ, ಅದೇ ಜಾಗದಲ್ಲಿ ನಿಂತು ಅದೇ ಚಿತ್ರ ಮತ್ತೆ ತೆಗೆಯಿರಿ. ಬದಲಾದದ್ದನ್ನು ಆ ಕಲ್ಲಿನ ಹಾಳೆಯಲ್ಲೇ, ದಿನಾಂಕ ಹಾಕಿ, ಹಳೆಯದನ್ನು ಅಳಿಸದೆ ಕೆಳಗೆ ಬರೆಯಿರಿ.